ನಾಲ್ಕನೇ ಸುತ್ತಿನ ಹಾಜರಿ

ಗಾಳಿಯಲ್ಲಿದ್ದಾಗಲೇ ಎಡಗೈ ಎತ್ತಿ, ಹೆಲ್ಮೆಟ್ಟಿನೊಳಗೆ ಗಂಟಲು ಹರಿಯುವಂತೆ "ಹಾಜರ್!" ಎಂದು ಕೂಗಿದೆ.

ಬೈಕಿನ ಮುಂದಿನ ಚಕ್ರ ನನ್ನ ಮೂಗಿನ ಮಟ್ಟಕ್ಕೆ ಬಂದಿತ್ತು. ಕೆಳಗೆ, ಮಣ್ಣಿನ ದಿಬ್ಬ ಇಳಿಯುವ ಜಾಗದ ಪಕ್ಕದಲ್ಲಿ, ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಟೀಚರ್ ಕೂತಿದ್ದರು. ಮೇಲಿನಿಂದ ಅವರ ಬೈತಲೆ ಕಂಡಿತು, ತೆರೆದಿಟ್ಟ ರಿಜಿಸ್ಟರ್ ಕಂಡಿತು, ಹಾಳೆ ಹಾರದಿರಲೆಂದು ಅದರ ಮೇಲಿಟ್ಟ ಸ್ಟೇಪ್ಲರ್ ಕೂಡ ಕಂಡಿತು. ಬೇಕರಿ ಮಾಮನ ಬೈಕು ನನ್ನ ಹಿಂದೆಲ್ಲೋ ಕೆಮ್ಮುತ್ತಿತ್ತು. ಮುಂದೆ ಯಾರೂ ಇರಲಿಲ್ಲ. ನಲವತ್ತೊಂದು ವರ್ಷದಲ್ಲಿ ನನ್ನ ಮುಂದೆ ಯಾರೂ ಇಲ್ಲದಿದ್ದದ್ದು ಅದೇ ಮೊದಲು. ಬಸ್ಸಿನ ಸಾಲಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬೆಳಗ್ಗೆ ಮನೆಯ ಬಚ್ಚಲಿನ ಮುಂದೆ, ಎಲ್ಲೂ ಹಾಗಾದದ್ದಿಲ್ಲ.

ಆಮೇಲೆ ನೆಲ ಬಂತು. ಕೈ ಹ್ಯಾಂಡಲಿಗೆ ಮರಳುವಷ್ಟರಲ್ಲಿ ಬೈಕು ಕುಕ್ಕರಿಸಿ, ಒಮ್ಮೆ ಒದರಿ, ತಾನಾಗಿಯೇ ಓಡತೊಡಗಿತು. ಬದುಕಿದ್ದೆ.

"ಕೈ ಎತ್ತಿದ್ಲು! ನೋಡಿದ್ರಾ? ನಮ್ಮ ಸೊಸೆ ಕೈ ಎತ್ತಿದ್ಲು!" ಎಂದು ಗ್ಯಾಲರಿಯಿಂದ ಅತ್ತೆ ಕೂಗಿದ್ದು ಇಂಜಿನ್ನಿನ ಸದ್ದನ್ನೂ ಸೀಳಿಕೊಂಡು ಬಂತು. ಅತ್ತೆಯ ಗಂಟಲು ಅಂಥದ್ದು. ದಾರಿಯಂಚಿಗೆ ಪೇರಿಸಿದ ಟೈರುಗಳ ಆಚೆ ನಿಂತಿದ್ದ ಅಣ್ಣ ಎರಡೂ ಕೈಗಳನ್ನು ಮೇಲಿನಿಂದ ಕೆಳಕ್ಕೆ ಬೀಸುತ್ತಿದ್ದ. ಸಂತೋಷ ತಡೆಯಲಾರದೆ ಹಾಗೆ ಮಾಡುತ್ತಿದ್ದಾನೆ ಎಂದುಕೊಂಡೆ. ನಿಧಾನ ಹೋಗು ಎನ್ನುತ್ತಿದ್ದನಂತೆ, ಆಮೇಲೆ ಗೊತ್ತಾಯಿತು.

ಅದು ನಾಲ್ಕನೇ ಸುತ್ತು. ಒಟ್ಟು ಹತ್ತು.

ಬಯಲಿನಲ್ಲಿ ಮಣ್ಣುಗುಡ್ಡಗಳ ಮೇಲೆ ಬೈಕು ಹಾರಿಸುವ ಆಟಕ್ಕೆ ಮೋಟೊಕ್ರಾಸ್ ಎನ್ನುತ್ತಾರೆ. ನಮ್ಮ ಕ್ಲಬ್ಬಿನವರು ಅದನ್ನು ವರ್ಷಕ್ಕೊಮ್ಮೆ, ಒಂದು ಭಾನುವಾರ, ಛಾವಣಿಯ ಕೆಳಗೆ ತಂದು ಆಡಿಸುತ್ತಾರೆ. ನಾವೆಲ್ಲ ಹವ್ಯಾಸಿಗಳು. ಬಾಕಿ ಆರು ದಿನ ಬೇರೆ ಬೇರೆ ಕೆಲಸ ಮಾಡಿ, ಏಳನೇ ದಿನ ಕೈಕಾಲು ಮುರಿದುಕೊಳ್ಳಲು ಬರುವವರು. ಹಾಲ್ ವಸ್ತುಪ್ರದರ್ಶನದ್ದು. ಹಿಂದಿನ ವಾರ ಅಲ್ಲಿ ಹಾಸಿಗೆಗಳ ಮೇಳ ನಡೆದಿತ್ತು. ಮೇಲೆ ತೂಗುಹಾಕಿದ ಫಲಕಗಳನ್ನು ಇಳಿಸಲು ಏಣಿ ಸಿಗಲಿಲ್ಲವೆಂದು ಹಾಗೇ ಬಿಟ್ಟಿದ್ದರು. ಹೀಗಾಗಿ ಎರಡನೇ ತಿರುವಿನಲ್ಲಿ, ಎಲ್ಲರೂ ಜಾರುವ ಕಡೆ, "ಮಲಗಿ ನೋಡಿ, ನಂತರ ನಿರ್ಧರಿಸಿ" ಎಂದಿತ್ತು. ಮಾರಾಟವಾಗದ ಹಾಸಿಗೆಗಳನ್ನು ಪ್ಲಾಸ್ಟಿಕ್ ಸಮೇತ ಗೋಡೆಗೆ ಒರಗಿಸಿ ತಡೆಗೋಡೆ ಮಾಡಿದ್ದರು. ಮಣ್ಣು ಮಾತ್ರ ಬೇರೆಯವರದು. ಪಕ್ಕದ ಬೀದಿಯಲ್ಲಿ ಕಟ್ಟಡದ ಪಾಯಕ್ಕೆ ಅಗೆದದ್ದನ್ನು ಎರವಲು ತಂದು ಸುರಿದಿದ್ದರು. ಸೋಮವಾರ ಬೆಳಗ್ಗೆ ಒಂದು ಬಾಂಡ್ಲಿಯೂ ಕಡಿಮೆಯಾಗದಂತೆ ಹಿಂತಿರುಗಿಸಬೇಕೆಂದು ಕರಾರು. ಅದಕ್ಕಾಗಿ ಬಾಗಿಲ ಬಳಿ ಒಂದು ಟಾರ್ಪಾಲಿನ್ ಹಾಸಿತ್ತು. ಹೊರಗೆ ಹೋಗುವವರೆಲ್ಲ, ಬೈಕು ಹತ್ತದವರೂ ಕೂಡ, ಅದರ ಮೇಲೆ ನಿಂತು ಕಾಲು ಕೊಡವಬೇಕು.

ಸುತ್ತು ಎಣಿಸುವವರು ಟೀಚರ್. ಮೊದಲ ವರ್ಷ ಸುತ್ತು ಎಣಿಸಲು ಒಂದು ಪೆಟ್ಟಿಗೆ ಇತ್ತಂತೆ, ತಂತಿ, ದೀಪ, ಎಲ್ಲ ಇದ್ದದ್ದು. ಅದರ ಮೇಲೆ ಯಾರೋ ಬೈಕು ಹತ್ತಿಸಿದರು. ಎರಡನೇ ವರ್ಷದಿಂದ ಕ್ಲಬ್ಬಿನ ಅಧ್ಯಕ್ಷರು ತಮ್ಮ ಅಕ್ಕನನ್ನು ಕರೆತಂದರು. ಅಧ್ಯಕ್ಷರು ಡ್ರೈವಿಂಗ್ ಸ್ಕೂಲ್ ನಡೆಸುವವರು. ಕಲಿಯುವವರ ಪಕ್ಕ ಇಪ್ಪತ್ತು ವರ್ಷ ಕೂತು ಕೂತು, ಯಾವ ವಾಹನ ನೋಡಿದರೂ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಅಕ್ಕ ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಓಡುತ್ತಿರುವ ಜೀವಿಗಳನ್ನು ಎಣಿಸಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಹಾಜರಿ ಹಾಕುವುದು. ಉದ್ದ ಗೆರೆಯ ರಿಜಿಸ್ಟರ್ ತಂದರು. ಒಂದೊಂದು ಸುತ್ತಿಗೆ ಒಂದೊಂದು ಕಾಲಮ್ಮು. ನಂಬರು ಕರೆಯುತ್ತಾರೆ. ನಾವು ಕೈ ಎತ್ತಿ ಹಾಜರ್ ಎನ್ನಬೇಕು. ಕೂಗಿದರೆ ಟಿಕ್ಕು, ಕೂಗದಿದ್ದರೆ ಕೆಂಪು ಶಾಯಿಯಲ್ಲಿ ಗೈರುಹಾಜರಿಯ "ಗೈ".

ಮೇಜು ದೊಡ್ಡ ದಿಬ್ಬದ ಪಕ್ಕದಲ್ಲೇ ಯಾಕೆ ಎಂದು ಕೇಳಿದವರಿದ್ದಾರೆ. ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಹೀಗಾಗಿ ಎಲ್ಲರೂ ಗಾಳಿಯಲ್ಲಿರುವಾಗಲೇ ಹ್ಯಾಂಡಲ್ ಬಿಟ್ಟು ಕೈ ಎತ್ತಬೇಕು. ಮೊದಲೆರಡು ವರ್ಷ ಹಾಜರಿ ಕೊಡಲು ಹೋಗಿ ಮೂರು ಜನರ ಭುಜದ ಮೂಳೆ ಹೋಯಿತು. ಆ ಮೂವರಿಗೂ ಟಿಕ್ಕು ಬಿದ್ದಿತ್ತು ಎಂಬುದನ್ನು ಟೀಚರ್ ಇವತ್ತಿಗೂ ಮೆಚ್ಚಿ ಹೇಳುತ್ತಾರೆ. ಈಗ ನಾವು ಅಭ್ಯಾಸ ಮಾಡಿಕೊಂಡೇ ಬರುತ್ತೇವೆ. ಅಡುಗೆಮನೆಯ ಸ್ಟೂಲಿನಿಂದ ಜಿಗಿಯುತ್ತಾ ಎಡಗೈ ಎತ್ತಿ ಹಾಜರ್ ಎನ್ನುವುದನ್ನು ನಾನು ಆರು ತಿಂಗಳು ಮಾಡಿದ್ದೆ. ಕೆಳಗಿನ ಮನೆಯವರು ಬಂದು ಅತ್ತೆಯ ಬಳಿ, "ನಿಮ್ಮ ಸೊಸೆ ಹುಷಾರಾಗಿದ್ದಾರಾ?" ಎಂದು ಕೇಳಿಕೊಂಡು ಹೋಗಿದ್ದರು.

ಇಷ್ಟೆಲ್ಲ ಯಾಕೆಂದರೆ ಒಂದು ಹಾಳೆಗಾಗಿ.

ರೇಸು ಮುಗಿದ ಮೇಲೆ ಟೀಚರ್ ಫಲಿತಾಂಶದ ಹಾಳೆ ಬರೆದು ಗೋಡೆಗೆ ಅಂಟಿಸುತ್ತಾರೆ. ಹತ್ತೂ ಸುತ್ತು ಮುಗಿಸಿದವರ ನಂಬರು ಮತ್ತು ಹೆಸರು ಒಂದರ ಕೆಳಗೊಂದು. ಕೊನೆಗೆ ಒಂದೇ ಸಾಲು: "ಉಳಿದವರು ಭಾಗವಹಿಸಿದ್ದರು." ಎರಡು ವರ್ಷದಿಂದ ನಾನು ಉಳಿದವರು. ಮೊದಲ ವರ್ಷ ಮೂರನೇ ಸುತ್ತಿನಲ್ಲಿ ಬೈಕು ನಿಂತುಹೋಯಿತು. ಎರಡನೇ ವರ್ಷ ಮೊದಲ ಸುತ್ತಿನಲ್ಲೇ ಹಾಸಿಗೆಗಳೊಳಗೆ ಹೋದೆ. ಸಾರಿ, ಆ ವರ್ಷ ಅವು ಹಾಸಿಗೆಯಲ್ಲ, ಸೋಫಾಗಳು. ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯಲ್ಲಿ ತೋರಿಸಿದರೆ, ಬಸ್ಸು ಓಡಿಸಿ ಸುಸ್ತಾಗಿ ಬಂದಿದ್ದ ಗಂಡ ಅದನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿ, "ನೀನೆಲ್ಲಿ?" ಎಂದ. ಉಳಿದವರು ಎಂಬಲ್ಲಿ ಬೆರಳಿಟ್ಟು ತೋರಿಸಿದೆ.

"ಹಾಗಾದ್ರೆ ನಾನೂ ಭಾಗವಹಿಸಿದ್ದೆ," ಎಂದರು ಅತ್ತೆ. "ನಾನೂ ಹೋಗಿ ಕೂತಿದ್ದೆನಲ್ಲ. ಮೂರು ಗಂಟೆ, ಕಬ್ಬಿಣದ ಕುರ್ಚಿ ಮೇಲೆ."

ನಾನು ಹಲ್ಲು ಮಾಡುವವಳು. ಮೂವರು ದಂತವೈದ್ಯರಿಗೆ ನೆಲಮಾಳಿಗೆಯ ಒಂದು ಕೋಣೆಯಲ್ಲಿ ಕೂತು ಕಟ್ಟುಹಲ್ಲು ತಯಾರಿಸುತ್ತೇನೆ. ಅಚ್ಚು ಬರುತ್ತದೆ, ಅದಕ್ಕೊಂದು ಚೀಟಿ ಇರುತ್ತದೆ, ಬಣ್ಣದ ನಂಬರು ಇರುತ್ತದೆ. ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಡಬ್ಬಿಯಲ್ಲಿ ಕಳಿಸುತ್ತೇನೆ. ಬೀದಿಯಲ್ಲಿ ಯಾರಾದರೂ ನಕ್ಕರೆ ಕೆಲವೊಮ್ಮೆ ನನ್ನ ಕೆಲಸ ಗುರುತು ಸಿಗುತ್ತದೆ. ಅವರಿಗೆ ನನ್ನ ಗುರುತಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಟೀಚರ್ ಬಾಯಿಯ ಮೇಲಿನ ಸಾಲಿನ ಹಲ್ಲು ನಾನೇ ಮಾಡಿದ್ದು. ಅದು ಅವರಿಗೂ ಗೊತ್ತಿಲ್ಲ.

ಅಣ್ಣನ ಗ್ಯಾರೇಜಿನ ಗೋಡೆಯ ಮೇಲೆ ಇಂಥ ಹಾಳೆಗಳು ಹನ್ನೊಂದಿವೆ, ಚೌಕಟ್ಟು ಹಾಕಿಸಿದವು. ಹನ್ನೊಂದು ವರ್ಷವೂ ಅವನು ಐದನೆಯವನು. ಗಿರಾಕಿಗಳು ಬಂದರೆ ಸ್ಪಾನರಿನಿಂದ ಒಂದೊಂದನ್ನೇ ತೋರಿಸುತ್ತಾನೆ. "ಒಂದು ಸಲ ಗೆಲ್ಲೋದು ದೊಡ್ಡದಲ್ಲ. ಐದನೇ ಜಾಗ ಬಿಟ್ಟುಕೊಡದೆ ಹನ್ನೊಂದು ವರ್ಷ ಹಿಡಿದುಕೊಳ್ಳೋದು, ನೋಡಿ, ಅದು." ಪ್ರತಿ ಶನಿವಾರ ಅದೇ ಗೋಡೆಯ ಕೆಳಗೆ ಕೂತು ಅವನ ಹಳೆಯ ಬೈಕನ್ನು ಬಿಚ್ಚಿ ಜೋಡಿಸಿ ನನ್ನದು ಮಾಡಿಕೊಂಡಿದ್ದೆ. ಹನ್ನೊಂದನೆಯದರ ಪಕ್ಕ ಒಂದು ಮೊಳೆ ಹೊಡೆದು ಬಂದಿದ್ದೂ ನಾನೇ. "ಯಾವುದಕ್ಕೆ ಅದು?" ಎಂದು ಕೇಳಿದ್ದ. "ಒಂದು ಹಾಳೆ ಬರುತ್ತೆ," ಎಂದಿದ್ದೆ. ಗೆಲ್ಲುವ ಆಸೆ ನನಗಿರಲಿಲ್ಲ. ಮುಗಿಸಬೇಕಿತ್ತು. ನನ್ನ ಹೆಸರು ಇರುವ ಒಂದು ಹಾಳೆ ಬೇಕಿತ್ತು.

ನಮ್ಮ ವಿಭಾಗದ ಹೆಸರು "ಮಹಿಳೆಯರು ಮತ್ತು ಐವತ್ತು ದಾಟಿದವರು". ಐದು ಜನ. ಮೂರನೇ ನಂಬರು ಬೇಕರಿ ಮಾಮ, ಅರವತ್ತೆರಡು ವರ್ಷ, ಪ್ರತಿ ಸಲ ಮೊದಲಿಗರು. ಎಂಟು ಮತ್ತು ಹದಿನೈದು ಗಂಡ ಹೆಂಡತಿ, ಇಬ್ಬರೂ ಕನ್ನಡಕದಂಗಡಿಯವರು. ಹತ್ತೊಂಬತ್ತು ಪೋಸ್ಟ್‌ಮ್ಯಾನ್. ಇಪ್ಪತ್ತೇಳು ನಾನು. ಕ್ಲಬ್ಬಿಗೆ ಸೇರಿದ ಕ್ರಮದಲ್ಲಿ ನಂಬರು, ನಂಬರಿನ ಕ್ರಮದಲ್ಲೇ ಹೊರಡುವುದು. ದಾರಿ ಎಷ್ಟು ಕಿರಿದೆಂದರೆ ಹೊರಟ ಕ್ರಮದಲ್ಲೇ ಎಲ್ಲರೂ ಹತ್ತು ಸುತ್ತು ಹಾಕಿ ಮುಗಿಸುತ್ತಾರೆ, ಅಥವಾ ಬೀಳುತ್ತಾರೆ. ಇನ್ನೊಬ್ಬರನ್ನು ದಾಟಲು ಜಾಗವಿರುವುದು ಒಂದೇ ಕಡೆ, ಹೆಂಗಸರ ಶೌಚಾಲಯದ ಬಾಗಿಲ ಮುಂದಿನ ತಿರುವಿನಲ್ಲಿ. ಅಲ್ಲೂ ಯಾರೂ ದಾಟುವುದಿಲ್ಲ. ಯಾರಾದರೂ ಹೊರಗೆ ಬಂದರೆ ಕಷ್ಟ.

ನಾಲ್ಕನೇ ಸುತ್ತಿನಲ್ಲಿ ಆದದ್ದು ಇಷ್ಟು. ಆ ತಿರುವಿನಲ್ಲಿ ಕನ್ನಡಕದಂಗಡಿಯ ಗಂಡ ಹೆಂಡತಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡಲು ಹೋಗಿ ಡಿಕ್ಕಿ ಹೊಡೆದುಕೊಂಡರು.

"ನೀನು ಹೋಗು ಅಂದ್ನಲ್ಲ!"

"ನೀವು ಹೋಗ್ತೀರ ಅಂತ ನಾನು ನಿಂತೆ. ಮನೆಯಲ್ಲೂ ಇದೇ ಗೋಳು!"

ಪೋಸ್ಟ್‌ಮ್ಯಾನ್ ಬೈಕು ನಿಲ್ಲಿಸಿ ರಾಜಿ ಮಾಡಿಸಲು ಇಳಿದ. ಮುಂದಿದ್ದ ಬೇಕರಿ ಮಾಮನಿಗೆ ಗಂಡ ಹೆಂಡಿರ ಜಗಳ ಎಂದರೆ ಪ್ರಾಣ. ಏನಾಯಿತು ನೋಡೋಣವೆಂದು ಅವರು ಕತ್ತು ಹೊರಳಿಸಿ ವೇಗ ಇಳಿಸಿದರು. ಶೌಚಾಲಯದ ಬಾಗಿಲು ಮುಚ್ಚಿತ್ತು. ನಾನು ಹೋದೆ. ದಾಟಬೇಕೆಂದು ಯೋಚಿಸಿಯೂ ಇರಲಿಲ್ಲ. ಬೈಕು ಹೋಗುತ್ತಿತ್ತು, ಜಾಗವಿತ್ತು, ಮೂವರನ್ನು ಬಿಟ್ಟು ಬೇಕರಿ ಮಾಮನ ಮೊಣಕೈ ಸವರಿಕೊಂಡು ಮುಂದೆ ಬಂದುಬಿಟ್ಟಿದ್ದೆ. ಆಮೇಲೆ ದೊಡ್ಡ ದಿಬ್ಬ. ಆಮೇಲೆ ಹಾಜರ್.

ಐದನೇ ಸುತ್ತಿನ ಅರ್ಧದಲ್ಲಿ "ಮಲಗಿ ನೋಡಿ" ಫಲಕದ ಕೆಳಗೆ ಜಾರಿ, ಕಾಲೂರಿ ಎದ್ದೆ. ಅಷ್ಟರಲ್ಲಿ ಬೇಕರಿ ಮಾಮ, "ಸಾರಿ ಕಣಮ್ಮಾ!" ಎನ್ನುತ್ತಾ ಮತ್ತೆ ಮುಂದೆ ಹೋದರು. ಬೇಸರವಾಗಲಿಲ್ಲ. ಅವರ ಹಿಂದೆ ಐದು, ಆರು, ಏಳು. ಪ್ರತಿ ಸಲ ಗಾಳಿಯಲ್ಲಿ ಕೈ, ಗಂಟಲಲ್ಲಿ ಹಾಜರ್. ಎಂಟರಲ್ಲಿ ಎಡ ಅಂಗೈಯ ಗುಳ್ಳೆ ಒಡೆಯಿತು. ಒಂಬತ್ತರಲ್ಲಿ ಹೊಗೆ ಎಷ್ಟಾಗಿತ್ತೆಂದರೆ ಟೀಚರ್ ಕಾಣಿಸಲಿಲ್ಲ. ಹಸಿರು ಬಟ್ಟೆಗೆ ಕೈ ತೋರಿಸಿದೆ. ಹತ್ತು ಮುಗಿದಾಗ ಅಧ್ಯಕ್ಷರು ಬಾವುಟ ಬೀಸಿದರು, ಬಲಗಾಲಿನಿಂದ ನೆಲ ಒತ್ತುತ್ತಾ. ಬೈಕಿನಿಂದ ಇಳಿದೆ. ಹಾಸಿಗೆಯೊಂದರ ಮೇಲೆ ಕೂತು ನಕ್ಕೆ. ಎಷ್ಟು ನಕ್ಕೆನೆಂದರೆ ಬೇಕರಿ ಮಾಮ ಬಂದು ಹೆಲ್ಮೆಟ್ ಬಿಚ್ಚಿ, ತಲೆಗೆ ಪೆಟ್ಟಾಗಿದೆಯಾ ಎಂದು ನೋಡಿದರು.

ಅರ್ಧ ಗಂಟೆಯ ಮೇಲೆ ಹಾಳೆ ಅಂಟಿಸಿದರು. ಎಲ್ಲರಿಗಿಂತ ಮುಂದೆ ನಿಂತು ಓದಿದೆ.

"ಒಂದು: ನಂಬರ್ ಮೂರು." ಬೇಕರಿ ಮಾಮನ ಹೆಸರು. ಅದರ ಕೆಳಗೆ: "ಉಳಿದವರು ಭಾಗವಹಿಸಿದ್ದರು."

ಮತ್ತೊಮ್ಮೆ ಓದಿದೆ. ಹಾಳೆಯ ಹಿಂದೆ ಏನಾದರೂ ಇದೆಯೇನೋ ಎಂದು ಮೂಲೆ ಎತ್ತಿ ನೋಡಿದೆ. ಗೋಡೆ ಇತ್ತು.

"ಟೀಚರ್, ಇಪ್ಪತ್ತೇಳು ಬಿಟ್ಟುಹೋಗಿದೆ."

"ಯಾವ ಇಪ್ಪತ್ತೇಳು?"

"ನಾನು."

ಟೀಚರ್ ಕನ್ನಡಕ ಏರಿಸಿಕೊಂಡು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ನನ್ನ ಸಾಲಿನಲ್ಲಿ ಹತ್ತು ಚೌಕ. ಒಂಬತ್ತು ಟಿಕ್ಕು. ನಾಲ್ಕನೆಯದರಲ್ಲಿ ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ "ಗೈ".

"ಹಾಜರಿ ಕೊರತೆ," ಎಂದರು.

"ಬಂದಿದ್ದೆ ಟೀಚರ್. ಕೈ ಎತ್ತಿದ್ದೆ, ಕೂಗಿದ್ದೆ."

"ಕೂಗಿದ್ದು ಕೇಳಿಸ್ತು."

"ಮತ್ತೆ?"

"ಆಗ ನಾನು ಮೂರನೇ ನಂಬರ್ ಕರೀತಿದ್ದೆ. ನಿನ್ನನ್ನ ಇನ್ನೂ ಕರೆದಿರಲಿಲ್ಲ. ಕರೆಯೋಕೆ ಮುಂಚೆ ಉತ್ತರ ಕೊಟ್ರೆ ಅದು ಹಾಜರಿ ಅಲ್ಲಮ್ಮ, ಗಲಾಟೆ. ಆಮೇಲೆ ಮೂರು ಬಂದ್ರು, ಟಿಕ್ ಹಾಕಿದೆ. ಎಂಟು, ಹದಿನೈದು, ಹತ್ತೊಂಬತ್ತು ಕರೆದೆ, ಬರಲಿಲ್ಲ. ಇಪ್ಪತ್ತೇಳು ಕರೆದೆ. ಎರಡು ಸಲ ಕರೆದೆ. ನೀನೆಲ್ಲಿದ್ದೆ?"

"ಮುಂದೆ ಹೋಗಿದ್ದೆ."

"ಮುಂದೆ ಯಾಕೆ ಹೋದೆ? ನಿನ್ನ ನಂಬರ್ ಎಷ್ಟು?"

"ಇದು ರೇಸು ಟೀಚರ್."

"ಅದಕ್ಕೇ ಶಿಸ್ತು ಬೇಕು ಅನ್ನೋದು."

ನಾನು ಮೇಣದಲ್ಲಿ ಒಂದೊಂದಾಗಿ ಕೂರಿಸಿದ ಹಲ್ಲುಗಳು, ಮುಂದಿನ ಎರಡು ತುಸು ಒಳಕ್ಕೆ, ಸಹಜವಾಗಿ ಕಾಣಲೆಂದು ಬೇಕೆಂದೇ ಹಾಗೆ ಮಾಡಿದ್ದು. ಅವೇ ಹಲ್ಲುಗಳ ನಡುವಿನಿಂದ ಆ ಮಾತು ಬಂತು.

ಜನ ಸೇರಿದರು. ಅಧ್ಯಕ್ಷರು ಬಂದರು. "ಅಕ್ಕ, ಅವರು ಬಂದಿದ್ದನ್ನ ನಾನೂ ನೋಡಿದೆ. ಇಡೀ ಹಾಲ್ ನೋಡಿದೆ."

"ನೋಡಿದವರು ಯಾರಾದ್ರೂ ಬರ್ಕೊಂಡಿದ್ದೀರಾ?" ಟೀಚರ್ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಐವತ್ತು ದಾಟಿದ ಗಂಡಸರು ಪಾದ ನೋಡಿಕೊಂಡರು. "ಬರೆದವಳು ನಾನೊಬ್ಬಳೇ."

"ನಾನು ಹೇಳ್ತೀನಿ ಟೀಚರ್," ಎಂದರು ಬೇಕರಿ ಮಾಮ. "ನನ್ನ ಮೊಣಕೈ ಸವರಿಕೊಂಡೇ ಹೋದಳು. ಇಲ್ಲಿ ನೋಡಿ, ಕೆಂಪಾಗಿದೆ."

"ನೀವು ಸುಮ್ಮನಿರಿ ಮೂರು. ನಿಮ್ಮದು ಹತ್ತಕ್ಕೆ ಹತ್ತಿದೆ."

ಬೇಕರಿ ಮಾಮ ಮೊಣಕೈ ಮೇಲೆ ಅಂಗಿತೋಳು ಎಳೆದುಕೊಂಡರು.

ನನಗೊಂದು ದಾರಿ ಹೊಳೆಯಿತು. "ಟೀಚರ್, ನಾಲ್ಕನೇ ಸುತ್ತಿಗೆ ಬಂದೇ ಇಲ್ಲ ಅಂದ್ರೆ ಐದನೇ ಸುತ್ತಿಗೆ ಎಲ್ಲಿಂದ ಬಂದೆ? ನಾಲ್ಕು ದಾಟದೆ ಐದು ಬರೋಕೆ ಆಗುತ್ತಾ?"

"ಸೋಮವಾರ ಬರದ ಮಕ್ಕಳು ಮಂಗಳವಾರ ಬರೋದಿಲ್ವಾ?"

ಅಧ್ಯಕ್ಷರು ಗಲ್ಲ ಕೆರೆದುಕೊಂಡು, "ಅದೂ ನಿಜ," ಎಂದರು. ಪೋಸ್ಟ್‌ಮ್ಯಾನ್ ಕೂಡ ತಲೆಯಾಡಿಸಿದ.

ಅಷ್ಟರಲ್ಲಿ ಅಣ್ಣ ನನ್ನ ತೋಳು ಹಿಡಿದು ಟಾರ್ಪಾಲಿನ್ ಬಳಿ ಎಳೆದುಕೊಂಡು ಹೋದ. "ಯಾಕೆ ಇಷ್ಟು ಎಳೀತೀಯ? ಒಂದು ರಜಾಚೀಟಿ ಬರೆದುಕೊಡು, ಮುಗೀತು."

"ಏನು ಚೀಟಿ?"

"ರಜಾಚೀಟಿ. ನಾಲ್ಕನೇ ಸುತ್ತಿಗೆ ಬರಲಾಗಲಿಲ್ಲ, ಹೊಟ್ಟೆನೋವಿತ್ತು, ದಯವಿಟ್ಟು ಮನ್ನಿಸಬೇಕು. ಕೆಳಗೆ ಪೋಷಕರ ಸಹಿ. ಟೀಚರ್ ಗೈ ಹೊಡೆದು ರಜೆ ಅಂತ ಮಾಡ್ತಾರೆ. ರಜೆ ಅಂದ್ರೆ ಹಾಜರಿ ಲೆಕ್ಕಕ್ಕೇ ಸೇರುತ್ತೆ. ಹೆಸರು ಹಾಳೆಗೆ ಬರುತ್ತೆ."

"ನಿನಗೆ ಹೇಗೆ ಗೊತ್ತು?"

ಅವನು ಬೂಟು ಕೊಡವತೊಡಗಿದ. ಮಣ್ಣು ಆಗಲೇ ಉದುರಿ ಆಗಿತ್ತು. ಆದರೂ ಕೊಡವಿದ.

"ಅಣ್ಣ."

"ಹನ್ನೊಂದರಲ್ಲಿ ಏಳು ವರ್ಷ," ಎಂದ. "ಬೈಕು ನಿಂತುಹೋಗೋದು, ಬೀಳೋದು, ಆಗುತ್ತಲ್ಲ. ಒಂದು ವರ್ಷ ಜ್ವರ ಅಂತ ಬರೆದೆ. ಒಂದು ವರ್ಷ ಮದುವೆ. ಆ ವರ್ಷ ಮೂರು ಸುತ್ತು ಮಾಡಿದ್ದೆ, ಬಾಕಿ ಏಳಕ್ಕೆ ಮದುವೆ. ಮೂರು ವರ್ಷ ಅಜ್ಜಿ ತೀರಿಕೊಂಡರು."

"ಮೂರು ವರ್ಷವೂ?"

"ಟೀಚರ್ ಪ್ರತಿ ಸಲ ಸಂತಾಪ ಹೇಳಿದ್ರು. ಒಳ್ಳೆಯವರು."

"ಪೋಷಕರು ಅಂತ ಸಹಿ ಯಾರು ಹಾಕಿದ್ದು?"

"ನೀನೇ. ಗ್ಯಾರೇಜಿನ ವಿಮೆ ಕಾಗದ ಅಂತ ಕೊಡ್ತಿದ್ದೆನಲ್ಲ."

ಅವನ ಗ್ಯಾರೇಜಿನ ಗೋಡೆಯ ಕೆಳಗೆ ನಾನು ಕೂತು ಕಳೆದ ಶನಿವಾರಗಳು ನೆನಪಾದವು. ಗಾಜಿನೊಳಗಿನ ಆ ಹನ್ನೊಂದು ಐದನೇ ಜಾಗಗಳು. ಅಣ್ಣನ ಮುಖ ನೋಡಿದರೆ ಅದರಲ್ಲಿ ನಾಚಿಕೆ ಇರಲಿಲ್ಲ. ನನಗೊಂದು ಒಳ್ಳೆಯ ಸ್ಪಾನರ್ ಕೊಟ್ಟವನ ಹಾಗೆ ನಿಂತಿದ್ದ.

ಚೀಟಿಯ ಸುದ್ದಿ ಮೇಜಿನವರೆಗೂ ಹೋಯಿತು. ಎಲ್ಲರಿಗೂ ಉಸಿರು ಬಂದ ಹಾಗಾಯಿತು. ಇದಕ್ಕೊಂದು ದಾರಿ ಇದೆ ಎಂಬುದೇ ಎಲ್ಲರಿಗೂ ಬೇಕಾಗಿದ್ದದ್ದು. ಬೇಕರಿ ಮಾಮ ತಮ್ಮದು ಒಳ್ಳೆಯ ಅಕ್ಷರ ಎಂದು ತಾವೇ ಕಾಗದ ಕೇಳಿ ಪಡೆದರು. ಹುಟ್ಟುಹಬ್ಬದ ಕೇಕುಗಳ ಮೇಲೆ ಬರೆಯುವವರು. ಸುರುಳಿ ಸುರುಳಿಯಾಗಿ ಬರೆದರು. "ಹೊಟ್ಟೆನೋವು ಅಂತಲೇ ಇರ್ಲಾ? ತಲೆಸುತ್ತು ಅಂದ್ರೆ ರೇಸಿಗೆ ಹೊಂದುತ್ತೆ."

"ಹೊಟ್ಟೆನೋವೇ ಇರಲಿ," ಎಂದರು ಟೀಚರ್. "ಅದು ನನಗೆ ಅಭ್ಯಾಸ."

"ಪೋಷಕರ ಜಾಗದಲ್ಲಿ ನಾನು ಹಾಕ್ತೀನಿ," ಎಂದು ಅಣ್ಣ ಪೆನ್ನು ತೆಗೆದುಕೊಂಡ.

ಗ್ಯಾಲರಿಯಿಂದ ಇಳಿದು ಬಂದು ನಮ್ಮಿಬ್ಬರ ಮಾತೆಲ್ಲ ಕೇಳಿಸಿಕೊಂಡಿದ್ದ ಅತ್ತೆ ಆ ಪೆನ್ನಿನ ಇನ್ನೊಂದು ತುದಿ ಹಿಡಿದರು. "ನೀನ್ಯಾಕಪ್ಪ? ನಮ್ಮನೆಗೆ ಬಂದು ಹದಿನಾರು ವರ್ಷ ಆಯ್ತು. ಅವಳ ಹೊಟ್ಟೆನೋವು ನಮಗೆ ಸೇರಿದ್ದು."

"ನಾನು ಒಡಹುಟ್ಟಿದವನು!"

"ಹುಟ್ಟಿದ್ದು ಅಲ್ಲಿ ಇರಬಹುದು. ಊಟ ಮಾಡೋದು ನಮ್ಮನೇಲಿ. ಹೊಟ್ಟೆನೋವು ಬಂದ್ರೆ ಏನು ತಿಂದು ಬಂತು ಅಂತ ನನಗೆ ತಾನೆ ಗೊತ್ತಿರೋದು?"

"ಅತ್ತೆ, ಪೆನ್ನು ಬಿಡಿ."

"ನೀನು ಬಿಡು. ಮೂರು ಸಲ ಅಜ್ಜೀನ ಸಾಯಿಸಿದವನು ನೀನು, ನಿನ್ನ ಸಹಿಗೇನು ಬೆಲೆ?"

ಟೀಚರ್ ಈ ಮಾತು ಕೇಳಿ ಅಣ್ಣನ ಕಡೆ ನಿಧಾನವಾಗಿ ತಿರುಗಿದರು. ಅವನು ಪೆನ್ನು ಬಿಟ್ಟ. ಅತ್ತೆ ಗೆದ್ದ ಪೆನ್ನನ್ನು ಎದೆಗೆ ಒತ್ತಿಕೊಂಡು, ಎಲ್ಲಿ ಹಾಕಬೇಕೆಂದು ಕೇಳಿದರು. ಅಧ್ಯಕ್ಷರು ಇಬ್ಬರೂ ಹಾಕಬಹುದು, ನಿಯಮದಲ್ಲಿ ಪೋಷಕರು ಎಂದು ಬಹುವಚನವೇ ಇದೆ ಎಂದರು. ಕನ್ನಡಕದಂಗಡಿಯ ಹೆಂಡತಿ, ಇವಳ ಗಂಡನ ಸಹಿಯೇ ಆಗಬೇಕಲ್ಲವೇ ಎಂದಳು. ಅವನು ಬಸ್ಸು ಓಡಿಸುತ್ತಿದ್ದಾನೆ, ಕೊನೆಯ ಸ್ಟಾಪಿನಲ್ಲಿ ಹಿಡಿಯಬಹುದು ಎಂದು ಪೋಸ್ಟ್‌ಮ್ಯಾನ್ ಹೊರಡಲು ಸಿದ್ಧನಾದ. ನಾನು ನಲವತ್ತೊಂದು ವರ್ಷದವಳು, ಮೊಣಕಾಲವರೆಗೆ ಎರವಲು ಮಣ್ಣು ಮೆತ್ತಿಕೊಂಡು ಅವರ ನಡುವೆ ನಿಂತಿದ್ದೆ. ನನ್ನ ಹೊಟ್ಟೆಗೆ ಅಷ್ಟು ಜನ ವಾರಸುದಾರರಿದ್ದಾರೆಂದು ನನಗೆ ಗೊತ್ತಿರಲಿಲ್ಲ.

"ಸಾಕು," ಎಂದರು ಟೀಚರ್. ಹಾಲ್ ತರಗತಿಯಾಯಿತು.

ಅವರು ಎದ್ದು ನಿಂತು, ನನ್ನ ಒಡೆದ ಅಂಗೈ ಹಿಡಿದು ನೋಡಿದರು. ಆಮೇಲೆ ಹೇಳಿದರು: "ನೋಡಮ್ಮ, ಮೂವತ್ತನಾಲ್ಕು ವರ್ಷದಲ್ಲಿ ಒಬ್ಬರಿಗೂ ಮಾಡದ್ದು ಮಾಡ್ತೀನಿ. ಪೋಷಕರ ಸಹಿ ಬೇಡ. ನೀನೇ ಹಾಕು. ನೀನು ಚೆನ್ನಾಗಿ ಓಡಿಸಿದೆ. ನಿನ್ನ ಹೆಸರು ಆ ಹಾಳೆಯಲ್ಲಿ ಇರಬೇಕು ಅಂತ ನನಗೂ ಆಸೆ."

ಅದು ಸುಳ್ಳಾಗಿರಲಿಲ್ಲ. ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಅವರು ಒಂದು ಹೊಸ ಹಾಳೆ ಎಳೆದುಕೊಂಡು ಬರೆದೇ ಬಿಟ್ಟರು. ಒಂದು, ಮೂರನೇ ನಂಬರು. ಎರಡು, ಇಪ್ಪತ್ತೇಳು. ಅದರ ಮುಂದೆ ನನ್ನ ಹೆಸರು, ಪೂರ್ತಿ, ಇನಿಷಿಯಲ್ ಸಮೇತ, ತಪ್ಪಿಲ್ಲದೆ. ಅಧ್ಯಕ್ಷರು ಎಲ್ಲಿಂದಲೋ ಎರಡನೇ ಬಹುಮಾನದ ಕಪ್ಪು ತಂದು ಅಂಗಿಯ ತುದಿಯಿಂದ ಒರೆಸಿದರು. ಹಾಳೆಯೂ ಕಪ್ಪೂ ಮೇಜಿನ ಆ ಕಡೆ ಇದ್ದವು. ಈ ಕಡೆ ಬೇಕರಿ ಮಾಮನ ಸುರುಳಿ ಅಕ್ಷರದ ಚೀಟಿ, ಅದರ ಮೇಲೆ ಪೆನ್ನು.

ಚೀಟಿ ಓದಿದೆ. "ನಾಲ್ಕನೇ ಸುತ್ತಿನಲ್ಲಿ ನಾನು ಹಾಜರಿರಲಿಲ್ಲ."

ಒಂದೇ ಸಾಲು. ಹೊಟ್ಟೆನೋವು ಎರಡನೇ ಸಾಲಿನಲ್ಲಿತ್ತು. ಅದರ ಬಗ್ಗೆ ನನ್ನ ತಕರಾರಿರಲಿಲ್ಲ. ಮೊದಲ ಸುತ್ತೆಂದು ಬರೆದಿದ್ದರೆ ಹಾಕುತ್ತಿದ್ದೆನೇನೋ. ಏಳನೆಯದೆಂದಿದ್ದರೂ ಹಾಕುತ್ತಿದ್ದೆ. ಏಳು ನನಗೆ ಸರಿಯಾಗಿ ನೆನಪೂ ಇಲ್ಲ, ಬೇಕಾದರೆ ಒಂಬತ್ತನ್ನೂ ತೆಗೆದುಕೊಳ್ಳಲಿ. ನಾಲ್ಕರಲ್ಲಿ ಮಾತ್ರ ನನ್ನ ಮುಂದೆ ಯಾರೂ ಇರಲಿಲ್ಲ.

"ಹಾಕೇ," ಎಂದ ಅಣ್ಣ, ಮೆಲ್ಲಗೆ. "ಮೊಳೆ ಹೊಡೆದಿದ್ದೀಯ."

"ಹಾಕಮ್ಮ, ಬೇಗ ಹಾಕು, ಮನೆಗೆ ಹೋಗೋಣ," ಎಂದರು ಅತ್ತೆ. "ನನ್ನ ಸೊಂಟ ಹೋಯ್ತು."

"ಇಲ್ಲಿ, ಈ ಗೆರೆ ಮೇಲೆ," ಎಂದು ಟೀಚರ್ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಚಾಚಿದರು.

"ಬೇಡ ಟೀಚರ್," ಎಂದೆ. "ನಾನು ಹಾಕಲ್ಲ."